ಎಲೆಯಡಿಕೆಯಷ್ಟು ದೂರ

ಹದಿನಾಲ್ಕನೇ ಮಂಚದ ದ್ಯಾವಮ್ಮ
ತಲೆಯ ಮೇಲೆ ತೂಗುವ ಗ್ಲೂಕೋಸ್ ಬಾಟಲಿಯನ್ನು
ಮೂರು ದಿನ ನೋಡಿ, ನಾಲ್ಕನೇ ರಾತ್ರಿ ಅಂದಳು:
"ಇದೇನವ್ವಾ ಸಿಸ್ಟರು, ನಿಮ್ಮದು ಜಿಪುಣ ಅಬ್ಬಿ.
ಒಂದು ಹನಿ ಬಿಟ್ಟು ಇನ್ನೊಂದಕ್ಕೆ
ಅಪ್ಪಣೆ ಕೇಳ್ತದೆ.
ನಮ್ಮೂರ ಮೊರದಬ್ಬಿಗೆ ಬಾ ಒಂದ್ಸಲ."

ದೂರವೇ ಎಂದೆ, ನರ ಹುಡುಕುತ್ತ.
ಎಡಗೈಯ ನರಗಳೆಲ್ಲ ಅಷ್ಟರಲ್ಲೇ ಮುಗಿದಿದ್ದವು.
"ಯಾತರ ದೂರ! ಟಾರು ರಸ್ತೇಲಿ ಇಳಿದು
ಎಲೆಯಡಿಕೆ ಬಾಯಿಗೆ ಹಾಕಿದರೆ
ಉಗುಳೋ ಹೊತ್ತಿಗೆ ನೀರು ಕಾಣ್ತದೆ.
ಆದ್ರೆ ಅಲ್ಲಿ ಉಗುಳಬಾರದು.
ನುಂಗಬೇಕು."

ಹಸ್ತ ಮಳೆ ಹೊಳವಾದ ಒಂದು ಸೋಮವಾರ
ರಾತ್ರಿ ಪಾಳಿ ಇಳಿದವರು ಮನೆಗೆ ಹೋಗದೆ
ಜೆಸಿಂತಾಳ ಸ್ಕೂಟರು ಹತ್ತಿದೆವು.
ಗಾಜನೂರಿನಿಂದ ಮರಗಳ ಸಂದಿನಲ್ಲಿ
ಜೊತೆಗೇ ಬಂದ ತುಂಗೆ
ಮಂಡಗದ್ದೆ ಕಳೆದ ಮೇಲೆ ಎಲ್ಲೋ ಕೈಬಿಟ್ಟಳು.
ನಿದ್ದೆಗಣ್ಣು. ಬೆರಳಲ್ಲಿನ್ನೂ ಸ್ಪಿರಿಟ್ಟಿನ ವಾಸನೆ.
ಹೆಸರಿಲ್ಲದ ಸ್ಟಾಪಿನ ಗೂಡಂಗಡಿಯಲ್ಲಿ
ಎರಡೆರಡು ಎಲೆ, ಒಂದೊಂದು ಹೋಳು.
ಸುಣ್ಣ ಬೇಡವೆಂದಳು ಜೆಸಿಂತಾ.
ಅಳತೆ ತಪ್ಪುತ್ತೆ, ಇಟ್ಟುಕೊ, ಎಂದೆ.

ಹತ್ತುವುದಿಲ್ಲ, ಇಳಿಯುವುದಿಲ್ಲ.
ಹಸಿ ಬಾಣಂತಿಯೂ ನಡೆಯಬಹುದಾದ ದಾರಿ.
ವಾಟೆಮೆಳೆಯ ಪಕ್ಕ ಇಲಾಖೆಯ ಫಲಕ:
"ಈಜಬಾರದು" ಎಂಬಲ್ಲಿ ಬಾರದು ತುಕ್ಕು ತಿಂದು
"ಈಜ" ಎಂದಷ್ಟೇ ನಿಂತಿದೆ,
ಯಾರದೋ ಹೆಸರಿನ ಹಾಗೆ.

ಬಾಯಿ ಕೆಂಪಾಗುವ ಮುಂಚೆಯೇ ಸದ್ದು.
ತಿರುಗಿದರೆ ನೀರು.

"ಇಷ್ಟೇನಾ" ಅಂದದ್ದು ನಾನಲ್ಲ,
ದಾವಣಗೆರೆ ಕಡೆಯ ಒಬ್ಬ ಹುಡುಗ.
ನಿನ್ನೆ ಜೋಗ ನೋಡಿದ್ದನಂತೆ.
ಅವನಪ್ಪ ಪ್ಯಾಂಟು ಮಡಚಿಕೊಳ್ಳುತ್ತ
"ಇದರ ಕೆಳಗೆ ನಿಲ್ಲಬಹುದು ಕಣೋ" ಎಂದ.

ಎರಡಾಳೆತ್ತರ. ಕರಿಬಂಡೆ
ಮೇಲೆ ಕಿರಿದು, ಕೆಳಗೆ ಅಗಲ.
ಕೇರುವ ಕೈ ಕಾಣದು.
ನೀರು ಮಾತ್ರ ಹಾರಿ ಹಾರಿ ಮೊರಕ್ಕೇ ಬೀಳುತ್ತಿತ್ತು,
ನುಚ್ಚು ನಮ್ಮ ಮುಖಕ್ಕೆ.

ಕೆಟ್ಟ ಅಭ್ಯಾಸ. ವಾಚು ನೋಡಿ ಎಣಿಸತೊಡಗಿದೆ.
ಬಂಡೆಯಂಚಿನ ಜರಿಗಿಡದ ತುದಿಯಲ್ಲಿ
ನಿಮಿಷಕ್ಕೆ ಹದಿನೆಂಟು ಹನಿ.
ಉಳಿದದ್ದು ಲೆಕ್ಕಕ್ಕೆ ಸಿಗಲಿಲ್ಲ.
ಚಕ್ರ ತಿರುಗಿಸಿ ತಡೆಯುವವರಿಲ್ಲ,
ಮುಗಿಯಿತೆಂದು ಗಂಟೆ ಒತ್ತುವವರಿಲ್ಲ.
ಯಾರನ್ನೂ ಉಳಿಸದೆ
ಅಷ್ಟು ಹೊತ್ತು ಸುಮ್ಮನೆ ಕುಳಿತದ್ದು
ಇದೇ ಮೊದಲಿರಬೇಕು.

ಜೆಸಿಂತಾ ಕಿರುಚಿದ್ದು ನನ್ನ ಪಾದ ನೋಡಿ.
ಇಂಬಳ. ಉಂಡು ಉರುಟಾಗಿ ಮಲಗಿತ್ತು.
ನೋವಿಲ್ಲ, ನೀಲಿಗಟ್ಟಿಲ್ಲ,
ಒಂದೇ ಸಲಕ್ಕೆ ನರ ಸಿಕ್ಕಿದೆ.
"ಇದನ್ನ ನಮ್ಮ ವಾರ್ಡಿಗೆ ಹಾಕ್ಕೋಬೇಕು ಕಣೇ"
ಎನ್ನುತ್ತ ಉಳಿದ ಸುಣ್ಣ ಮುಟ್ಟಿಸಿದೆ.
ನಕ್ಕ ರಭಸಕ್ಕೆ ಜೆಸಿಂತಾ
ಎಲೆಯಡಿಕೆ ನುಂಗಿಯೇ ಬಿಟ್ಟಳು.

ರಾತ್ರಿ ಹದಿನಾಲ್ಕಕ್ಕೆ ಹೊಸ ಹಾಸು.
"ಸಂಜೆಯೇ ಕರಕೊಂಡು ಹೋದರು" ಎಂದಳು ಆಯಾ.
ಮನೆಗೋ, ಎಂದು ಕೇಳುವಷ್ಟರಲ್ಲಿ
ಫೋನು ಬಡಿದುಕೊಂಡಿತು.
ಆಮೇಲೆ ನಾನು ಕೇಳಲಿಲ್ಲ.

ಮಂಚದಲ್ಲೀಗ ಕಾಲು ಮುರಿದ ಲಾರಿ ಕ್ಲೀನರ್,
ಮೀಸೆ ಮೊಳೆಯುವ ಹುಡುಗ.
ಬಾಟಲಿ ನೋಡುವುದು ಬಿಟ್ಟು
ನನ್ನ ಕಾಲು ನೋಡುತ್ತಿದ್ದ.
"ಸಿಸ್ಟರ್, ರಕ್ತ."
ಚಪ್ಪಲಿಯ ಪಟ್ಟಿಯಡಿ
ಅದಿನ್ನೂ ನಿಂತಿರಲಿಲ್ಲ.

ಅಬ್ಬಿಗೆ ಹೋಗಿದ್ದೆ, ಎಂದೆ,
ಚಕ್ರ ತುಸು ಸಡಿಲಿಸುತ್ತ.
"ದೂರಾನಾ?"
ತೊಡೆಯವರೆಗೆ ಪ್ಲಾಸ್ಟರು ಅವನಿಗೆ, ಆರು ವಾರದ್ದು.
ಇಲ್ಲಪ್ಪಾ, ಎಂದೆ.
ಎಲೆಯಡಿಕೆ ಜಗಿಯೋಕೆ ಬರ್ತದಾ ನಿಂಗೆ?