ಒಂದು ಗಂಟೆ ಮುಂದೆ

ನವೆಂಬರಿನ ಮಂಗಳವಾರ. ಕ್ಯಾಲಿಸ್ ಎಂಬ ಊರು,
ಮೇಯ್ನ್ ರಾಜ್ಯದ ಸೆರಗಿನ ತುದಿ.
ಪೆಟ್ರೋಲ್ ಬಂಕಿನ ಗಲ್ಲಾದಲ್ಲಿ ನಾನು.
ಹೊಳೆಯಾಚೆ ಕೆನಡಾ,
ಕೂಗಿದರೆ ಅಲ್ಲಿಯ ನಾಯಿ ಓಗೊಡುವಷ್ಟು ಹತ್ತಿರ.

ಸೇತುವೆ ದಾಟಿ ಬಂದ ಎಲ್ಡನ್, ಎಂದಿನಂತೆ:
ಟ್ಯಾಂಕು ತುಂಬ ಅಗ್ಗದ ಪೆಟ್ರೋಲು, ಎರಡು ಕ್ಯಾನು ಹಾಲು.
ಆದರೆ ಇವತ್ತು ಇಸ್ತ್ರಿಯ ಅಂಗಿ,
ನೀರು ಹಚ್ಚಿ ಬಾಚಿದ ನಾಲ್ಕೇ ಕೂದಲು.
"ಏನು, ಮದುವೆಯೇ?" ಅಂದೆ.
"ಪಕ್ಕದ ಮನೆಯದ್ದು. ಕರೆದಿಲ್ಲ. ಆದರೂ."

ಶಾಲೆಯ ಮುಂದೆ ಸಾಲು ಎಷ್ಟುದ್ದ ಎಂದು ಕೇಳಿದ,
ನೋಡಿ ಬಂದೂ ಕೇಳಿದ.
ನಿಮ್ಮ ಒಗ್ಗರಣೆಗೆ ಸೀನುವವರು ನಾವು,
ಇವತ್ತೇಕೋ ಘಮ ಬರುತ್ತಿದೆ, ಅಂದ.
ಯಾರ ಹೆಸರನ್ನೂ ಎತ್ತಲಿಲ್ಲ.
ಅವನಿಗೆ ಓಟಿಲ್ಲ. ನನಗೂ ಇನ್ನೂ ಇಲ್ಲ,
ಗ್ರೀನ್ ಕಾರ್ಡಿನವಳಿಗೆ ತೆರಿಗೆಯದಷ್ಟೇ ಹಕ್ಕು.

ಯಾರದೋ ಎದೆಯಿಂದ ಉದುರಿದ ಸ್ಟಿಕರು,
'ನಾನು ಮತ ಹಾಕಿದೆ', ನೆಲದಲ್ಲಿ ಬಿದ್ದಿತ್ತು.
ಎತ್ತಿ, ಒರೆಸಿ, ಹಾಲಿನ ಕ್ಯಾನಿಗೆ ಅಂಟಿಸಿದ.
"ಸುಂಕದವನ ಮುಂದೆ ಸುಖದುಃಖ ಹೇಳಬೇಡ," ಎಂದೆ.
"ಕೇಳಿದರೆ ಹಾಲೇ ಹಾಕಿತು ಅನ್ನುತ್ತೇನೆ."

ಆಚೆ ದಂಡೆಯ ಗಡಿಯಾರ
ನಮ್ಮದಕ್ಕಿಂತ ಒಂದು ಗಂಟೆ ಮುಂದೆ.
ಬಾಗಿಲಲ್ಲಿ ತಿರುಗಿ ನಿಂತ:
"ನಾಳೆ ನಮ್ಮಲ್ಲಿಗೆ ಮೊದಲು ಬರುತ್ತದೆ.
ಹೇಗಿದೆ ಅಂತ ಫೋನು ಮಾಡ್ತೀನಿ."

ರಾತ್ರಿ ಹನ್ನೊಂದು. ಟೀವಿಯಲ್ಲಿ ಇನ್ನೂ ಎಣಿಸುತ್ತಿದ್ದರು.
ಕಡಲಿನಿಂದ ಹೊಳೆಗೆ ಉಬ್ಬರ ಏರುತ್ತಿತ್ತು,
ಎರಡೂ ದಂಡೆಯ ಕಲ್ಲು
ಒಟ್ಟಿಗೇ ಮುಳುಗುತ್ತಿದ್ದವು.
ಫೋನು ರಿಂಗಾಯಿತು.

"ಬಂತು," ಅಂದ.
"ಕತ್ತಲೆ ಇದೆ ಇನ್ನೂ. ಆದರೆ ಬಂತು."