ಪಟ್ಟಿ

ಬ್ರೋಕನ್ ಹಿಲ್ಲಿನಿಂದ ಅಡಿಲೇಡಿಗೆ
ಐನೂರ ಹದಿನೈದು ಕಿಲೋಮೀಟರು.
ಐದೂವರೆ ತಾಸು, ಅನ್ನುತ್ತದೆ ಫೋನು.
ಫೋನಿಗೆ ಮಕ್ಕಳಿಲ್ಲ.

ಕರೆಂಟು ಬಿಲ್ಲು ಮಗುಚಿ ಅದರ ಬೆನ್ನಿಗೆ ಬರೆಯುತ್ತಿದ್ದೇನೆ.
ಇವರ ರಾತ್ರಿ ಪಾಳಿ ಮುಗಿಯುವುದು ಏಳಕ್ಕೆ.
ಆಸ್ಪತ್ರೆಯ ಬಾಗಿಲಿಗೇ ಕಾರು ಒಯ್ಯಬೇಕು,
ನರ್ಸಿನ ಅಂಗಿಯಲ್ಲೇ ಹತ್ತಿ ಮಲಗಲಿ.
ಯುಂಟಾ ಬರುವವರೆಗೆ ಅವರೂ ಒಂದು ಕೂಸು,
ಅಳದ ಕೂಸು, ಪುಣ್ಯಕ್ಕೆ.

ಅದಕ್ಕೂ ಮುಂಚೆ ಹೊರಡುವಂತಿಲ್ಲ ಹೇಗೂ.
ನಸುಕಿಗೆ ಕಾಂಗರೂ ರಸ್ತೆಗಿಳಿಯುತ್ತವೆ,
ಮುಸ್ಸಂಜೆಗೆ ಮತ್ತೆ.
ನಡುವಿನ ಜುಲೈ ತಿಂಗಳ ಮೋಟು ಹಗಲು ಮಾತ್ರ ನಮ್ಮದು.
ಅದರೊಳಗೆ ಎರಡು ಸಲ ಬಟ್ಟೆ ಬದಲು,
ಐದು ಸಲ ಉಚ್ಚೆ, ಇಳಾ ಒಲ್ಲೆ ಅಂದರೂ,
ಓಲರಿಯಲ್ಲಿ ವಾಂತಿ.
ಹೋದ ಸಲವೂ ಓಲರಿಯೇ. ಊರಿನ ಹೆಸರು
ಬಸವಂತನ ಹೊಟ್ಟೆಗೆ ನೆನಪಿದ್ದೀತು.
ಸ್ಟೀಲಿನ ಡಬರಿ ಒಂದು. ಹಳೇ ಟವೆಲ್ಲು ಮೂರು.

ಬುತ್ತಿಗೆ ಖಡಕ್ ರೊಟ್ಟಿ ಬೇಡ, ಸೀಟಿನ ಸಂದಿಗೆಲ್ಲ ಚೂರು.
ಮೊಸರನ್ನ ಬೇಡ, ಕಾರಣ ಮೇಲಿನ ಸಾಲಿನಲ್ಲಿದೆ.
ಚಪಾತಿಗೆ ಶೇಂಗಾ ಹಿಂಡಿ ಸವರಿ ಸುರುಳಿ ಸುತ್ತಿಡುವುದು,
ಒಂದೇ ಕೈಗೆ ಒಗ್ಗುವಂತೆ.
ಇನ್ನೊಂದು ಕೈ ಸ್ಟೀರಿಂಗಿನದು.

ಆಟ: ಎಮು ಕಂಡರೆ ಒಂದು ಅಂಕ, ಕಾಡಾಡಿಗೆ ಎರಡು,
ಎದುರಿಂದ ಕಾರು ಬಂದರೆ ಹತ್ತು.
ಲಾರಿಗೆ ಅಂಕವಿಲ್ಲ.
ಲಾರಿ ಬಂದಾಗ ಅಮ್ಮನನ್ನು ಯಾರೂ ಮಾತಾಡಿಸಬಾರದು.

ಪಟ್ಟಿಯಲ್ಲಿ ಮುಂದಿನದು ಪಟ್ಟಿ.
ಇಳಾಳ ಒಳ್ಳೆಯ ಕಣ್ಣಿಗೆ ದಿನಕ್ಕೆ ಆರು ತಾಸು ಅಂಟಿಸಬೇಕು,
ಸೋಮಾರಿ ಕಣ್ಣು ದುಡಿಯಲಿ ಅಂತ.
ಸೋಮವಾರ ಡಾಕ್ಟರು ಮೊದಲು ಕೇಳುವುದೇ ಅದನ್ನು.
ಮಕ್ಕಳಿಗೆ ಡಾಕ್ಟರ ಸುದ್ದಿ ಎತ್ತಿಲ್ಲ,
ಕಡಲು ಅಂದಿದ್ದೇವೆ.
ಅವಳು ಆಗಲೇ ಕಡಲು ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ:
ಕೆಂಪು ನೆಲ, ನೆಲದ ಮೇಲೆ ಕೆಂಪು ಅಲೆ,
ಒಂದು ದೋಣಿ. ದೋಣಿಗೆ ನಾಲ್ಕು ಗಾಲಿ.

ಏಳೂವರೆಗೆ ಅಂಟಿಸಿದರೆ ಒಂದೂವರೆಗೆ ಬಿಚ್ಚಬಹುದು,
ಅಷ್ಟರಲ್ಲಿ ಬರ್ರಾ ದಾಟಿರುತ್ತೇವೆ.
ಬಟಾಬಯಲು, ತಂತಿಬೇಲಿ, ಬೂದು ಕುರುಚಲು,
ಬಾಗಿಲು ಮುಚ್ಚಿದ ಸ್ಟೇಷನ್ನುಗಳು
ಎಲ್ಲ ಆ ಸೋಮಾರಿಯ ಪಾಲಿಗೆ.
ಕಲಿಯುವವರಿಗೆ ಇಷ್ಟು ದಪ್ಪ ಅಕ್ಷರ ಬೇರೆಲ್ಲಿ ಸಿಕ್ಕೀತು?
ಕಡಲಿಗೆ ಮಾತ್ರ ಎರಡೂ ಕಣ್ಣು ಬೇಕು.
ಈ ಸಾಲಿಗೆ ಅಡಿಗೆರೆ ಎಳೆದೆ, ಕಾಗದ ಹರಿಯುವಷ್ಟು.

ಸೆಮಫೋರ್ ತೀರಕ್ಕೆ ನಾಲ್ಕೂವರೆ,
ಐದೂಕಾಲಿಗೆ ಸೂರ್ಯ ಮುಳುಗುತ್ತಾನೆ.
ಕೂಡಿಸಿ ಕಳೆದರೆ ಮುಕ್ಕಾಲು ತಾಸು ಉಳಿಯುತ್ತದೆ.
ಎಲ್ಲೋ ತಪ್ಪಿದ್ದೇನೆ. ಮತ್ತೆ ಕೂಡಿಸಿದೆ,
ಅಷ್ಟೇ ಉಳಿಯಿತು. ನಂಬಿಕೆ ಬರಲಿಲ್ಲ.

ಹಣ್ಣು ಅಂತ ಬರೆದು ಹೊಡೆದುಹಾಕಿದೆ.
ಊಡ್ಲಾ ವಿರ್ರಾದಲ್ಲಿ ಕಾರು ತಡೆದು ಕೇಳುತ್ತಾರೆ,
ಹಣ್ಣಿದೆಯೇ, ಕಾಯಿಪಲ್ಲೆ ಇದೆಯೇ?
ನೊಣದ ಭಯ ಅವರಿಗೆ.
ಹೋದ ಸಲ ಬಸವಂತನ ಮುಷ್ಟಿಯಿಂದ
ಅರ್ಧ ಕಚ್ಚಿದ ಸೇಬು ಬಿಡಿಸಿ ಡಬ್ಬಿಗೆ ಹಾಕಿದ ಹೆಂಗಸು
ಕೈ ತನ್ನ ಅಂಗಿಗೇ ಒರೆಸಿಕೊಂಡು
ಎರಡು ಸಲ ಸಾರಿ ಅಂದಳು, ಅವನಿಗೆ, ನನಗಲ್ಲ.
ಟೆರೋವಿ ದಾಟುವವರೆಗೂ ಅವನ ಅಳು ನಿಲ್ಲಲಿಲ್ಲ.

ಬುಟ್ಟಿಯಲ್ಲಿ ಐದು ಕಿತ್ತಳೆ ಉಳಿದಿವೆ.
ವಾರವಿಡೀ ಮನೆಗೆ ಬೀಗ, ಕೊಳೆಯುತ್ತವೆ.
ರಾತ್ರಿ ಹನ್ನೊಂದೂವರೆ. ಸಿಂಕಿನ ಮುಂದೆ ನಿಂತು
ಒಂದೊಂದೇ ಸುಲಿದು ತಿನ್ನುತ್ತಿದ್ದೇನೆ,
ಹಸಿವಿಲ್ಲದೆ, ಲೆಕ್ಕ ತೀರಿಸುವವಳಂತೆ.
ಮೂರನೆಯದು ಬರೀ ಹುಳಿ.
ಉಗುರಿನ ಸಂದಿಯ ಈ ಘಮವನ್ನು
ನಾಳೆ ಆ ಹೆಂಗಸು ಹಿಡಿದಾಳೇ?

ಐದನೆಯದು ಸುಲಿಯುವಾಗ ಹಿಂದೆ ಸಪ್ಪಳ.
ಇಳಾ, ಬರಿಗಾಲು, ಕೆದರಿದ ಕೂದಲು,
ಎರಡೂ ಕಣ್ಣು ಅರಳಿಸಿ.
‘ಹೊರಟೆವಾ?’
ಇನ್ನೂ ಇಲ್ಲ, ಅಂದೆ. ಅರ್ಧ ಕೊಟ್ಟೆ.
ತಣ್ಣನೆಯ ಹಾಸುಗಲ್ಲಿನ ಮೇಲೆ ಒಂದು ಕಾಲೆತ್ತಿ
ಇನ್ನೊಂದರ ಮೇಲಿಟ್ಟು ನಿಂತು ತಿಂದಳು.
ಬಾಯಿತುಂಬ ರಸ, ಮಾತು ತೊದಲು:
‘ಬೀಜ ಎಲ್ಲಿ ಉಗುಳಲಿ?’

ಇಲ್ಲೇ ಉಗುಳು, ಅಂದೆ, ಅಂಗೈ ಒಡ್ಡಿ.
ನಾಳೆ ಬಿಡುವುದಿಲ್ಲ.