ಬಿಲ್ಡ್ ನಂಬರ್

ಸಂತೆಪೇಟೆಯ ತಿರುವಿನಲ್ಲಿ ನನ್ನದು ಮೂರಡಿಯ ಅಂಗಡಿ.
ಒಡೆದ ಗಾಜು ತೆಗೆದು ಹೊಸ ಗಾಜು ಅಂಟಿಸುತ್ತೇನೆ,
ನಡುವೆ ಸಿಕ್ಕ ಗಾಳಿಗುಳ್ಳೆಯನ್ನು
ಉಗುರಿನಲ್ಲಿ ಅಂಚಿಗೆ ನೂಕುತ್ತೇನೆ;
ಅದಕ್ಕೇ ಸಣ್ಣಬೋರಕ್ಕ ನನ್ನನ್ನು ಕರೆಯುವುದು
ಗಾಜಿನಪ್ಪ ಅಂತ.

ಶಟರು ಅರ್ಧ ಎತ್ತಿರುವಾಗಲೇ ಬಗ್ಗಿ ಒಳಗೆ ಬಂದಳು.
ಮೈಯೆಲ್ಲ ನಿನ್ನೆಯ ಬಜ್ಜಿ ಎಣ್ಣೆಯ ವಾಸನೆ,
ಸೆರಗಿನ ಗಂಟಿನಲ್ಲಿ ಫೋನು.
"ಯಾರೋ ರಾತ್ರಿ ಬಂದು ಮನೆ ತಿರುವಿ ಹಾಕ್ಯಾರೆ ಕಣಪ್ಪ.
ಒಂದು ಚಮಚೆ ಕದ್ದಿಲ್ಲ.
ಒಲೆ ಇದ್ದಲ್ಲಿ ಬಾಗಿಲೈತೆ,
ನೀರಿನ ಕೊಡಕ್ಕೆ ಕೈ ಹಾಕಿದರೆ ದೀಪ ಸಿಗತೈತೆ."

ಅಕ್ಷರ ಬಾರದವಳಿಗೆ ಜಾಗವೇ ಅಕ್ಷರ.
ಕೆಳಸಾಲಿನ ಎರಡನೆಯ ಹಸಿರು, ಮೆಣಸಿನಕಾಯಿ ತರುವ ಖಾಜಾಸಾಬಿ;
ಅದರ ನೆತ್ತಿಯ ಮೇಲೆ, ದುಡ್ಡು ಬಿದ್ದ ಸದ್ದು;
ಮೂಲೆಯ ಹಳದಿ, ಕರೆಂಟು ಹೋದರೆ ಬಾಣಲೆಗೆ ಬೆಳಕು.
ಹನ್ನೆರಡು ಚಿತ್ರಗಳ ಒಂದು ಓಣಿ,
ಕಣ್ಣು ಮುಚ್ಚಿ ನಡೆಯುತ್ತಿದ್ದಳು.
ನಿನ್ನೆ ಚಾರ್ಜು ಸತ್ತು, ಮತ್ತೆ ಹೊತ್ತಿಕೊಂಡಾಗ
ಓಣಿಗೆ ಬೇರೆ ಊರಿನ ಮುಖ.
ಖಾಜಾಸಾಬಿಗೆಂದು ಒತ್ತಿದರೆ ಹವಾಮಾನ.
ಓದಿ ಹೇಳಿದೆ: ಚಿತ್ರದುರ್ಗ, ಇಪ್ಪತ್ತಾರು ಡಿಗ್ರಿ, ಗಾಳಿ.
"ಗಾಳಿ ಐತೆ ಅಂತ ನನಗೆ ಇದು ಹೇಳಬೇಕಾ?"
ಜೋಗಿಮಟ್ಟಿ ಕಡೆಯಿಂದ ಬೀಸುವುದಕ್ಕೆ
ದಿನಾ ಸಂಜೆ ಸ್ಟೌವಿಗೆ ತಗಡು ಅಡ್ಡ ಇಡುವವಳು.

ಸೆಟ್ಟಿಂಗ್ಸ್ ಒಳಗೆ ಇಳಿದೆವು.
ಫೋನಿನ ಬಗ್ಗೆ, ಅದರೊಳಗೆ ಸಾಫ್ಟ್‌ವೇರ್, ಅದರ ತಳದಲ್ಲಿ
ಯಾರೂ ಮುಟ್ಟದ ಒಂದು ಸಾಲು.
"ಇದನ್ನು ಏಳು ಸಲ ಒತ್ತು ಬೋರಕ್ಕ. ನೀನೇ ಒತ್ತು."
"ಏಳಾ?"
ಶಟರಿನ ಸಂದಿಯಲ್ಲಿ ಬೆಟ್ಟದ ಕಲ್ಲುಗೋಡೆ ಒಂಚೂರು ಕಾಣುತ್ತಿತ್ತು.
"ಇದಕ್ಕೂ ಏಳೇ ಸುತ್ತಾ?"

ಒಂದು. ಎರಡು. ಮೂರಕ್ಕೆ ಫೋನು ಎಚ್ಚೆತ್ತು
ಇನ್ನು ನಾಲ್ಕು ಹೆಜ್ಜೆ ಅಂದಿತು.
ಐದಕ್ಕೆ ಎಣ್ಣೆಬೆರಳು ಜಾರಿತು; ಸೆರಗಿಗೆ ಒರೆಸಿಕೊಂಡಳು.
ಆರು.
ಏಳು.
ನೀವೀಗ ಡೆವಲಪರ್.

ಅಂದರೆ? ಅಂದಳು.
ಏನು ಹೇಳಲಿ, ಕಟ್ಟುವವಳು ಅಂದೆ.
ಬಾಯಿಗೆ ಸೆರಗಿಟ್ಟು ನಕ್ಕಳು.
"ಗಾಡಿ ಚಕ್ರಕ್ಕೆ ಹಳೇ ಟೈರು ನಾನೇ ಕಟ್ಟಿದ್ದು.
ಆವಾಗ ಯಾರೂ ಹೇಳಲಿಲ್ಲ."

ಹೊಸದಾಗಿ ತೆರೆದ ಪಟ್ಟಿಯಲ್ಲಿ,
ನನಗೂ ಅರ್ಥವಾಗದ ಹೆಸರುಗಳ ನಡುವೆ,
ತಾನೇ ತಾನಾಗಿ ಆಗುವ ಸಿಸ್ಟಮ್ ಅಪ್‌ಡೇಟ್.
ನೀಲಿ ಗುಂಡಿಯನ್ನು ಎಡಕ್ಕೆ ಸರಿಸಿದಳು.
ಬೂದಿಗೆ ತಿರುಗಿತು, ಆರಿದ ಕೆಂಡದ ಹಾಗೆ.

ಸುಮ್ಮನಿರಬಹುದಿತ್ತು. ಇರಲಾರದೆ ಅಂದೆ:
"ನೋಡಕ್ಕ, ಬರೋದರಲ್ಲಿ ಬೀಗಾನೂ ಇರುತ್ತೆ.
ತುಂಬ ದಿನ ಬೇಡ ಅಂದರೆ ಕಳ್ಳರಿಗೆ ಕಿಂಡಿ ಬಿಟ್ಟಂಗೆ."
ಈ ಊರಲ್ಲಿ ಕಿಂಡಿ ಅನ್ನುವ ಮಾತನ್ನು
ಹಗುರವಾಗಿ ಆಡಬಾರದು.
ನಗು ನಿಲ್ಲಿಸಿದಳು.
"ಬೀಗ ಬ್ಯಾಡ ಅಂದೆನಾ?
ಬೀಗ ಹಾಕೋನು ಬಾಗಿಲು ತಟ್ಟಿ ಬರಲಿ ಅಂದೆ."

ಮಂಗಳವಾರ ಅವಳ ಗಾಡಿಗೆ ರಜೆ.
ಮೂರನೆಯ ಮಂಗಳವಾರ ಮಧ್ಯಾಹ್ನ ಬಂದು
ಸ್ಟೂಲು ಎಳೆದುಕೊಂಡು ಕೂತಳು.
"ಈಗ ಬರಲಿ. ಎದ್ದಿದೀನಿ."
ಒತ್ತಿದೆ. ಫೋನು ಕಪ್ಪಾಗಿ ಒಂದು ಗೆರೆ ಹರಿಯತೊಡಗಿತು.
ಒಲೆಗೆ ಹಾಲಿಟ್ಟವಳ ಹಾಗೆ ಅವಳು ಕಣ್ಣು ಕೀಳಲಿಲ್ಲ.
ಚಹಾ ತರಿಸಿದೆ, ಆರಿಹೋಯಿತು.
ನಡುವೆ ಒಬ್ಬ ಬಂದು ಚಾರ್ಜರು ಕೇಳಿ, ಬೆಲೆ ಕೇಳಿ, ಹೋದ.
"ಎಷ್ಟಾತು?"
"ಅರವತ್ತೆರಡು."
"ಎಷ್ಟಕ್ಕೆ?"
"ನೂರಕ್ಕೆ."
"ಹಂಗಾದ್ರೆ ಇನ್ನೂ ಬೆಂದಿಲ್ಲ."

ಬೆಳಕು ಬಂದಾಗ ಓಣಿ ಮತ್ತೆ ಚದುರಿತ್ತು.
ಈ ಸಲ ಬೈಯಲಿಲ್ಲ.
ಹಸಿರನ್ನು ಬೆರಳಡಿ ಹಿಡಿದಳು, ಅದು ನಡುಗುವ ತನಕ;
ಎತ್ತಿ, ಕೆಳಸಾಲಿಗೆ ನಡೆಸಿಕೊಂಡು ಬಂದು
ಎರಡನೆಯ ಜಾಗದಲ್ಲಿ ಬಿಟ್ಟಳು. ಆಮೇಲೆ ಹಳದಿ.
ಹವಾಮಾನದ ಮೇಲೆ ಬೆರಳು ಒಂದು ಗಳಿಗೆ ನಿಂತಿತು.
"ಇರಲಿ ಬಿಡು. ಇವತ್ತೇನಂತೈತೆ, ಓದು."
ಓದಿದೆ.
"ಸುಳ್ಳು" ಅಂದು
ಫೋನನ್ನು ಸೆರಗಿಗೆ ಗಂಟು ಹಾಕಿದಳು.